ಕೇಳದೆ ತೆಗೆದದ್ದು

ಅವರ ಬಲಗೈಯ ಕಿರುಬೆರಳಿನ ಉಗುರು ಅರ್ಧ ಅಂಗುಲದಷ್ಟು ಉದ್ದವಿತ್ತು. ಉಳಿದ ಒಂಬತ್ತು ಉಗುರುಗಳನ್ನು ಪ್ರತಿ ರವಿವಾರ ತಪ್ಪದೆ ತೆಗೆಯುತ್ತಿದ್ದ ಮನುಷ್ಯ ಇದೊಂದನ್ನು ಮಾತ್ರ ಸಾಕಿಕೊಂಡಿದ್ದರು. ಅದರಿಂದ ಕಿವಿ ಕೆರೆದುಕೊಳ್ಳುತ್ತಿದ್ದರು, ಸ್ಟೇಪ್ಲರ್ ಪಿನ್ನು ಕೀಳುತ್ತಿದ್ದರು, ಹಲ್ಲಿನ ಸಂದಿಯ ಅಡಿಕೆ ತೆಗೆಯುತ್ತಿದ್ದರು, ಅದರಿಂದಲೇ ಪೆನ್ ಡ್ರೈವಿನ ಮುಚ್ಚಳವನ್ನೂ ಎಬ್ಬಿಸುತ್ತಿದ್ದರು. ಈ ಕೆಲಸಗಳ ನಡುವೆ ಕೈ ಒರೆಸಿಕೊಂಡದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ನನ್ನ ಪೆನ್ ಡ್ರೈವನ್ನು ಅವರಿಂದ ವಾಪಸು ತೆಗೆದುಕೊಳ್ಳುವಾಗ ಸೀರೆಯ ಸೆರಗಿನಲ್ಲಿ ಹಿಡಿಯುತ್ತಿದ್ದೆ. ಅದು ಅವರಿಗೆ ಕಾಣಲಿ ಎಂದೇ ಹಿಡಿಯುತ್ತಿದ್ದೆ.

ಪುಣೆಯ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಅವರು ಅಲ್ಲಿ ಹೆಡ್‌ಕ್ಲಾರ್ಕ್. ಅವರ ಕೈಕೆಳಗೆ ಬೇರೆ ಕ್ಲಾರ್ಕು ಒಬ್ಬನೂ ಇರಲಿಲ್ಲ, ಆದರೂ ಹೆಡ್ ಎನ್ನುವುದನ್ನು ಬಿಟ್ಟು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಇಂಡಿ ಕಡೆಯವರು. ಹಣೆಗೆ ಜೇಜುರಿಯ ಖಂಡೋಬಾನ ಅರಿಷಿಣದ ಭಂಡಾರ, ಮೈಗೆ ಬೂದು ಬಣ್ಣದ ಸಫಾರಿ, ಕಾಲಿಗೆ ಹಿಮ್ಮಡಿ ಸವೆದ ಚಪ್ಪಲಿ. ಶಿಕ್ಷಕರೆಂದರೆ ಅವರಿಗೆ ಒಂದು ಚೂರೂ ಲಕ್ಷ್ಯವಿರಲಿಲ್ಲ. ನಾವು ಬೋರ್ಡಿನ ಮುಂದೆ ಖಡು ಹಿಡಿಯುವುದೊಂದನ್ನು ಬಿಟ್ಟು ಏನೂ ಬಾರದ ಅಡಾಣಿ ಮಂದಿ ಎಂದು ಎದುರಿಗೇ ಹೇಳುತ್ತಿದ್ದರು. ಓದುಬರಹ ಬಾರದವರಿಗೆ ಅಡಾಣಿ ಎನ್ನುವುದು ತೀರ ಹಗುರಾದ ಬೈಗುಳ, ಆದರೆ ಅವರ ಬಾಯಲ್ಲಿ ಅದು ಸರ್ಟಿಫಿಕೇಟಿನ ಮೇಲಿನ ಸಿಕ್ಕಾದಷ್ಟು ಗಟ್ಟಿಯಾಗಿ ಬೀಳುತ್ತಿತ್ತು.

ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿದವಳು. ಚಿಂಚವಾಡದ ಕಾಲೋನಿಯಲ್ಲಿ ಹುಟ್ಟಿ ಬೆಳೆದವಳು. ಮೆಟ್ರಿಕ್ ಮತ್ತು ಟೈಪಿಂಗ್ ಮೇಲೆ ನೌಕರಿಗೆ ಸೇರಿದ ಮನುಷ್ಯ ನನ್ನನ್ನು ಅಡಾಣಿ ಎನ್ನುವುದನ್ನು ನಾನು ಸಹಿಸಲಿಲ್ಲ. ಸಹಿಸುವ ಕಾರಣವೂ ಇರಲಿಲ್ಲ.

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಸೇರಿದಾಗ ಅವರ ಮೇಜಿನ ಮೇಲೆ ಟೈಪ್‌ರೈಟರ್ ಇತ್ತು. ಆಮೇಲೆ ಯಾರೋ ದಾನವಾಗಿ ಕೊಟ್ಟ ಹಳೆಯ ಕಂಪ್ಯೂಟರು ಬಂತು. ಫ್ಲಾಪಿಗಳನ್ನು ಅವರು ಬಿಸ್ಕೀಟಿನ ಡಬ್ಬಿಯಲ್ಲಿ, ನಡುನಡುವೆ ನುಸಿಗುಳಿಗೆ ಹಾಕಿ ಇಡುತ್ತಿದ್ದರು. ಫ್ಲಾಪಿಗೆ ನುಸಿ ಹಿಡಿಯುವುದಿಲ್ಲ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, ಗುಳಿಗೆ ಹಾಕಿದ ಮೇಲೆ ಹ್ಯಾಂಗ ಹಿಡೀತದ ಎಂದು ಕೇಳಿದರು. ಆ ತರ್ಕಕ್ಕೆ ಉತ್ತರ ಕೊಡಲು ನನ್ನ ಬಿ.ಎಸ್ಸಿ. ಸಾಲಲಿಲ್ಲ.

ಮುಂದೆ ಪೆನ್ ಡ್ರೈವ್ ಬಂದವು. ಪ್ರಶ್ನಪತ್ರಿಕೆ, ಹಾಜರಿ, ಅಂಕಪಟ್ಟಿ ಎಲ್ಲಕ್ಕೂ ಶಿಕ್ಷಕರು ಅವರ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿ, ಕೆಲಸವಾದ ಮೇಲೆ ಕಿತ್ತುಕೊಂಡು ನಡೆಯುತ್ತಿದ್ದರು. ಹಾಗೆ ಕಿತ್ತದ್ದರಿಂದ ಯಾರದೋ ಒಂದು ಪ್ರಶ್ನಪತ್ರಿಕೆ ಹಾಳಾಯಿತಂತೆ. ಅಂದಿನಿಂದ ಅವರಿಗೆ ಇದೊಂದು ಗೀಳು ಹತ್ತಿತು. ಕಂಪ್ಯೂಟರಿನ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಚೀಟಿ ಅಂಟಿಸಿದರು. ಯಾರ ಕೈ ಪೆನ್ ಡ್ರೈವಿನ ಹತ್ತಿರ ಹೋದರೂ ಕುರ್ಚಿಯಿಂದ ಅರ್ಧ ಎದ್ದು ಹೇಳುತ್ತಿದ್ದರು.

"ಜಗ್ಗಬ್ಯಾಡ್ರಿ ಬಾಯಾರ. ಕೇಳಿ ತಗೀರಿ."

ಪುಣೆಯಲ್ಲಿ ಶಿಕ್ಷಕಿಯನ್ನು ಬಾಯಿ ಎನ್ನುತ್ತಾರೆ. ಅದಕ್ಕೆ ಊರಿನ ಮರ್ಯಾದೆ ಸೇರಿಸಿ ಅವರು ಬಾಯಾರ ಎನ್ನುತ್ತಿದ್ದರು. ಮರ್ಯಾದೆ ಆ ಒಂದು ಅಕ್ಷರದಲ್ಲಿ ಶುರುವಾಗಿ ಅಲ್ಲಿಗೇ ಮುಗಿಯುತ್ತಿತ್ತು.

ಕೇಳುವುದು ಎಂದರೆ ಕಂಪ್ಯೂಟರನ್ನು ಕೇಳುವುದು. ಕಂಪ್ಯೂಟರಿನೊಳಗೇ ಅದಕ್ಕೊಂದು ವ್ಯವಸ್ಥೆ ಇತ್ತು, ಆದರೆ ಅದು ಅವರಿಗೆ ಸಮಾಧಾನ ಕೊಡಲಿಲ್ಲ. ಈಗ ಆಗುವುದಿಲ್ಲ, ಆಮೇಲೆ ನೋಡಿ ಎನ್ನುವಷ್ಟೇ ಅದರ ಉತ್ತರ. ಯಾಕೆ ಆಗುವುದಿಲ್ಲ ಎಂದು ಹೇಳುತ್ತಿರಲಿಲ್ಲ. ಆಗ ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಅವರಿಗೆ ಒಂದು ಸಣ್ಣ ಸಾಫ್ಟ್‌ವೇರು ಸಿಕ್ಕಿತು. ಪರದೆಯ ಮೂಲೆಯಲ್ಲಿ ಒಂದು ಹಸಿರು ಬಾಣ. ಅದನ್ನು ಒತ್ತಿದರೆ ಪೆನ್ ಡ್ರೈವಿನಲ್ಲಿರುವ ಯಾವ ಕಡತವನ್ನು ಯಾವ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿದೆ ಎಂದು ಹೆಸರು ಹಿಡಿದು ಹೇಳುತ್ತಿತ್ತು. ಯಾರೂ ಹಿಡಿದಿಲ್ಲವಾದರೆ ತೆಗೆಯಬಹುದು ಎನ್ನುತ್ತಿತ್ತು. ಇಷ್ಟೇ. ಮೊಮ್ಮಗ ಹುಟ್ಟಿದಾಗಲೂ ಪೇಢೆ ಹಂಚದ ಆ ಮನುಷ್ಯ ಈ ಬಾಣ ಸಿಕ್ಕ ದಿನ ಸ್ಟಾಫ್‌ರೂಮಿಗೆಲ್ಲ ಚಹಾ ಕುಡಿಸಿದರು.

"ಆಮ್ಯಾಲ ಬರ್ರಿ ಅನ್ನೂದು ಉತ್ತರ ಅಲ್ಲರಿ," ಎಂದರು, ಚಹಾವನ್ನು ಬಶಿಗೆ ಸುರಿದುಕೊಳ್ಳುತ್ತ. "ಯಾರ ಕಡೆ ಅದ ಅಂತ ಹೇಳಬೇಕು. ಹೇಳಿದ್ರ ಮನಿಷಾ ಕಾಯ್ತಾನ."

ಈ ಮಾತನ್ನು ಅವರು ತಮ್ಮ ಕೆಲಸದಲ್ಲೂ ಪಾಲಿಸುತ್ತಿದ್ದರು ಎಂದು ಒಲ್ಲದ ಮನಸ್ಸಿನಿಂದ ಇಲ್ಲಿ ಬರೆಯುತ್ತೇನೆ. ದಾಖಲೆಗೆ ಬಂದ ಕೂಲಿಯವನನ್ನು ಅವರು ಯಾವತ್ತೂ ನಾಳೆ ಬಾ ಎಂದು ಕಳಿಸಲಿಲ್ಲ. ನಿನ್ನ ಕಾಗದ ಇಂಥ ಮೇಜಿನಲ್ಲಿದೆ, ಇಂಥವರ ಸಹಿ ಆಗಬೇಕು, ಅವರು ಇಷ್ಟು ಹೊತ್ತಿಗೆ ಬರುತ್ತಾರೆ ಎಂದು ಹೇಳಿ ಬೆಂಚು ತೋರಿಸುತ್ತಿದ್ದರು. ಆ ಸಹಿ ಮಾಡಬೇಕಾದವಳು ನಾನೇ ಆಗಿದ್ದರೆ, ಸ್ಟಾಫ್‌ರೂಮಿನ ಬಾಗಿಲಿಗೇ ಅವನನ್ನು ಕಳಿಸುತ್ತಿದ್ದರು. ಇದಕ್ಕೂ ನಾನು ಅವರನ್ನು ಬೈದುಕೊಂಡಿದ್ದೇನೆ.

ಇನ್ನೊಂದು ಹುಚ್ಚು ಅವರ ರಜಿಸ್ಟರು. ಕಚೇರಿಗೆ ಬರುವ, ಹೋಗುವ ಕಾಗದಗಳಿಗೆ ಆವಕ-ಜಾವಕ ರಜಿಸ್ಟರು ಇರುತ್ತದಲ್ಲ, ಅಂಥದೇ ಒಂದನ್ನು ಪೆನ್ ಡ್ರೈವಿಗೂ ಹಾಕಿದರು. ಆವಕದಲ್ಲಿ ತಂದವರ ಹೆಸರು, ಚುಚ್ಚಿದ ವೇಳೆ. ಜಾವಕದಲ್ಲಿ ಕೇಳಿದ್ದಕ್ಕೆ ಬಂದ ಉತ್ತರ, ತೆಗೆದ ವೇಳೆ, ಸಹಿ. ಕೊನೆಗೆ ಷರಾ. ಎರಡು ಪುಟದ ಪ್ರಶ್ನಪತ್ರಿಕೆ ಒಯ್ಯಲು ಬಂದ ನಾನು, ಅವರು ಬಾಣ ಒತ್ತಿ, ಉತ್ತರ ಓದಿ, ದೀಪ ಆರುವುದನ್ನು ಕಾದು, ಉಗುರಿನಿಂದ ಮುಚ್ಚಳ ಹಾಕಿ, ರಜಿಸ್ಟರು ಮುಂದೆ ತಳ್ಳುವವರೆಗೆ ನಿಂತಿರಬೇಕು. ಅಷ್ಟರಲ್ಲಿ ನನ್ನ ಬಸ್ಸು ಹೋಗಿರುತ್ತಿತ್ತು. ಪುಕ್ಕಟೆ ಸಿಕ್ಕ ಬಾಣಕ್ಕೆ ಇಷ್ಟು ದೊಡ್ಡ ಮೆರವಣಿಗೆ.

ಆ ಸಾಫ್ಟ್‌ವೇರು ಮಾಡಿದವನಿಗೆ ಅವರು ಒಂದು ಪತ್ರವನ್ನೂ ಬರೆದರು. ಎಲ್ಲಿಯವನೋ ಏನೋ, ಸಿ.ಡಿ.ಯಲ್ಲಿ ವಿಳಾಸವಿತ್ತು. ಶಾಲೆಯ ಲೆಟರ್‌ಹೆಡ್ಡಿನ ಮೇಲೆ, ತಮಗೆ ಬರುವ ಆಫೀಸಿನ ಇಂಗ್ಲಿಷಿನಲ್ಲಿ, ಸದರಿ ಸಾಫ್ಟ್‌ವೇರು ಸಮಾಧಾನಕರವಾಗಿ ಕೆಲಸ ಮಾಡುತ್ತಿದೆ ಎಂದು ಟೈಪಿಸಿ, ಸಿಕ್ಕಾ ಒತ್ತಿ, ಜಾವಕ ನಂಬರು ಹಾಕಿ ಕಳಿಸಿದರು. ಅದರ ನಕಲು ಹೇಗೋ ಸ್ಟಾಫ್‌ರೂಮಿಗೆ ಬಂತು. ನಾನು ಅದನ್ನು ಅವರ ಧಾಟಿಯಲ್ಲೇ ಓದಿ ತೋರಿಸಿದೆ, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವರು ಬಾಗಿಲಲ್ಲಿ ನಿಂತಿದ್ದನ್ನು ಕಂಡ ಮೇಲೂ ಕೊನೆಯ ಸಾಲನ್ನು ಬಿಡಲಿಲ್ಲ.

ಈಗ ಜೂನ್ ಒಂದರ ವಿಷಯ ಹೇಳಬೇಕು. ನಮ್ಮ ಶಾಲೆಗೆ ಬರುತ್ತಿದ್ದ ಹೆಚ್ಚಿನ ಮಕ್ಕಳು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಕೂಸಿಗೆ ಯಾರು ತಾರೀಖು ಬರೆದಿಡುತ್ತಾರೆ. ದಾಖಲೆ ಮಾಡುವ ಗುರುಗಳು ಮುಖ ನೋಡಿ ವರ್ಷ ಅಂದಾಜು ಮಾಡಿ, ಜೂನ್ ಒಂದು ಎಂದು ಗೀಚಿಬಿಡುತ್ತಿದ್ದರು. ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಮೂವತ್ತು ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ಅದು ರಜೆಯ ದಿನ. ಚಾಕಲೇಟ್ ಹಂಚುವ ಭಾಗ್ಯವೂ ಇಲ್ಲ.

ಇದು ಹೆಡ್‌ಕ್ಲಾರ್ಕರಿಗೆ ಸಹಿಸಲಾಗದ ಸುಳ್ಳಾಗಿತ್ತು. ಮಕ್ಕಳ ಮೇಲಿನ ಪ್ರೀತಿಯಿಂದಲ್ಲ, ಹಾಗೆಂದು ನಾನು ನಂಬಿಲ್ಲ. ಒಂದೇ ಕಾಲಮ್ಮಿನಲ್ಲಿ ಮೂವತ್ತು ಸಲ ಒಂದೇ ತಾರೀಖು ನೋಡಿದರೆ ಅವರಿಗೆ ಮೈ ಉರಿಯುತ್ತಿತ್ತು. ಹತ್ತನೆಯ ಪರೀಕ್ಷೆಯ ಎಸ್ಸೆಸ್ಸಿ ಫಾರ್ಮು ಹೋಗುವ ಮೊದಲಾದರೆ ತಾರೀಖು ತಿದ್ದಿಸಬಹುದು, ಹೋದ ಮೇಲೆ ಖಂಡೋಬಾ ಬಂದರೂ ಆಗುವುದಿಲ್ಲ ಎನ್ನುತ್ತಿದ್ದರು. ಅದಕ್ಕೆಂದು ಆ ವರ್ಷದ ಹತ್ತನೆಯವರಲ್ಲಿ ಜೂನ್ ಒಂದರ ಮೂವತ್ತೊಂದು ಮಕ್ಕಳ ಖರೆ ತಾರೀಖನ್ನು ಅವರು ಮೂರು ವರ್ಷದಿಂದ ಹುಡುಕಿ, ಒಂದು ಪಟ್ಟಿ ಮಾಡಿ, ಕಂಪ್ಯೂಟರಿಗೆ ಹಚ್ಚಿದ ಕರಿ ಡಬ್ಬಿಯಲ್ಲಿ ಇಟ್ಟಿದ್ದರು. ಊಟದ ಡಬ್ಬಿಯಷ್ಟಿದ್ದ ಆ ಹಾರ್ಡ್‌ಡಿಸ್ಕನ್ನು ಹೊರಗಿನಿಂದ ಚುಚ್ಚುವುದಿತ್ತು. ಕಂಪ್ಯೂಟರಿನೊಳಗೆ ಇಟ್ಟರೆ ವೈರಸ್ಸು ಬಂದಾಗಲೆಲ್ಲ ರಿಪೇರಿಯವನು ಅಳಿಸಿಹಾಕುತ್ತಿದ್ದನಲ್ಲ, ಅದಕ್ಕೆ.

ಎರಡು ಸಾವಿರದ ಐದೋ ಆರೋ ಇರಬೇಕು. ಖಂಡೇನವಮಿಯ ದಿನ ಶಾಲೆಯಲ್ಲಿ ಆಯುಧಗಳ ಪೂಜೆ. ಪ್ರಯೋಗಶಾಲೆಯ ತಕ್ಕಡಿ, ಶಾಲೆಯ ಗಂಟೆ, ತೋಟದ ಕುಡಗೋಲು, ನನ್ನ ದೊಡ್ಡ ಕಂಪಾಸು, ಹಳೆಯ ಟೈಪ್‌ರೈಟರು, ಎಲ್ಲವನ್ನೂ ಮಣೆಯ ಮೇಲೆ ಇಟ್ಟಾಗಿತ್ತು. ಭಟ್ಟರಿಗೆ ಇನ್ನೂ ಎರಡು ಫ್ಯಾಕ್ಟರಿಗಳಿಗೆ ಹೋಗುವುದಿತ್ತು. ನವಮಿ ಹನ್ನೊಂದೂವರೆಗೆ ಮುಗಿಯುತ್ತದೆ ಎಂದು ಅವಸರ ಮಾಡತೊಡಗಿದರು. ಅಷ್ಟು ಹೊತ್ತಿಗೆ ಮುಖ್ಯಾಧ್ಯಾಪಕಿಗೆ ಕಂಪ್ಯೂಟರಿನ ನೆನಪಾಯಿತು. ಆ ದೊಡ್ಡ ಪೆಟ್ಟಿಗೆಯನ್ನು ಹೊತ್ತು ತರಲಾದೀತೇ, ಅದರದೇನಾದರೂ ಸಣ್ಣದು ತಂದಿಡಿ ಎಂದು ನನಗೆ ಹೇಳಿದರು.

ನಾನು ಆಫೀಸಿಗೆ ಹೋದೆ. ಹೆಡ್‌ಕ್ಲಾರ್ಕರು ಇರಲಿಲ್ಲ. ಕಾಯಿ ಒಡೆಯುವ ಮಾನ ಅವರದು, ಅದಕ್ಕೆ ನಳದ ಹತ್ತಿರ ಕೈಕಾಲು ತೊಳೆಯಲು ಹೋಗಿದ್ದರು. ಪರದೆಯ ಮೇಲೆ ಅವರ ಪಟ್ಟಿ ತೆರೆದಿತ್ತು. ಫಾರ್ಮಿಗೆ ಬೇಕಾದ ಮಕ್ಕಳ ಫೋಟೋಗಳನ್ನು ಡಬ್ಬಿಗೆ ತುಂಬಲು ಹಚ್ಚಿ ಹೋಗಿದ್ದರು. ಡಬ್ಬಿಯ ದೀಪ ಪಿಳಿಪಿಳಿ ಎನ್ನುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ.

ನಾನು ಹಸಿರು ಬಾಣ ಒತ್ತಿದೆ. ಅದು ನೆಟ್ಟಗೆ ಹೇಳಿತು: ಪಟ್ಟಿ ತೆರೆದಿದೆ, ಫೋಟೋ ಹೋಗುತ್ತಿವೆ, ಈಗ ತೆಗೆಯಬೇಡಿ. ನಾನು ಪೂರ್ತಿ ಓದಿದೆ. ಓದಿದ ಮೇಲೆ ನನಗೆ ಬಂದದ್ದು ಸಿಟ್ಟು. ಈ ಪುಕ್ಕಟೆ ಬಾಣವೂ ಆ ಮನುಷ್ಯನ ದನಿಯಲ್ಲೇ ಮಾತಾಡುತ್ತದಲ್ಲ, ನನಗೆ ಇವರಿಬ್ಬರ ಅಪ್ಪಣೆ ಬೇಕೇ ಎನಿಸಿತು. ಎಳೆದೆ. ಡಬ್ಬಿಯ ಬಾಲದ ವೈರನ್ನು ಸುತ್ತಿಕೊಂಡು ಹೋಗಿ ಮಣೆಯ ಮೇಲೆ ಇಟ್ಟೆ.

ಭಟ್ಟರು ಅದಕ್ಕೆ ಅರಿಷಿಣ ಕುಂಕುಮ ಏರಿಸಿದರು, ಝೆಂಡು ಹೂ ಇಟ್ಟರು. ಒದ್ದೆ ಕೈಯಲ್ಲಿ ಕಾಯಿ ಹಿಡಿದು ಬಂದ ಹೆಡ್‌ಕ್ಲಾರ್ಕರು ಮಣೆಯ ಮೇಲೆ ಡಬ್ಬಿಯನ್ನು ನೋಡಿದರು. ಕಾಯಿ ಒಡೆಯಿರಿ ಎಂದು ಭಟ್ಟರು ಎರಡು ಸಲ ಹೇಳಬೇಕಾಯಿತು. ಹೆಡ್‌ಕ್ಲಾರ್ಕರ ಭಕ್ತಿಯೆಂದರೆ ಭಕ್ತಿ ಎಂದು ಡ್ರಿಲ್ ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದರು. ಡ್ರಿಲ್ ಮಾಸ್ತರರಿಗೆ ಯಾವುದೂ ಸರಿಯಾಗಿ ಕಾಣುತ್ತಿರಲಿಲ್ಲ.

ಪೂಜೆ ಮುಗಿದ ಮೇಲೆ ಅವರು ಡಬ್ಬಿಯನ್ನು ತಮ್ಮ ಕರವಸ್ತ್ರದಿಂದ ಒರೆಸಿ, ತೂತಿನಲ್ಲಿ ಹೊಕ್ಕ ಕುಂಕುಮವನ್ನು ಊದಿ ತೆಗೆದು ಮತ್ತೆ ಚುಚ್ಚಿದರು. ಡಬ್ಬಿ ತೆರೆಯಲಿಲ್ಲ. ಇದನ್ನು ಹೊಸದಾಗಿ ಅಳಿಸಿ ಸಜ್ಜು ಮಾಡಲೇ ಎಂದು ಕಂಪ್ಯೂಟರು ಕೇಳಿತು. ರಿಪೇರಿಯವನು ಬಂದು ನೋಡಿ ಕೈಚೆಲ್ಲಿದ. ಬೇರೆ ನಕಲು ಎಲ್ಲಿದೆ ಎಂದು ಕೇಳಿದ. ಇರಲಿಲ್ಲ. ಊರಿಗೆಲ್ಲ ಉಪದೇಶ ಮಾಡುತ್ತಿದ್ದ ಮನುಷ್ಯ ಎರಡನೆಯ ಪ್ರತಿ ಇಟ್ಟಿರಲಿಲ್ಲ. ತೆಗೆಯುವಾಗ ಕೇಳಿ ತೆಗೆದರೆ ಏನೂ ಆಗುವುದಿಲ್ಲ ಎಂದು ಅವರು ನಿಜವಾಗಿ ನಂಬಿದ್ದರು. ಇಂಥ ಪೆದ್ದತನವನ್ನು ಕಂಡು ನನಗೆ ಒಂದು ಗಳಿಗೆ ಸಂತೋಷವೇ ಆಯಿತೆಂದು ಬರೆದುಬಿಡುತ್ತೇನೆ.

ಡಬ್ಬಿ ತಂದವಳು ನಾನೆಂದು ಮುಖ್ಯಾಧ್ಯಾಪಕಿಗೆ ಗೊತ್ತಿತ್ತು, ಅದನ್ನು ತರಿಸಿದವರೂ ಅವರೇ. ಹಾಗಾಗಿ ಅವರು ನನ್ನ ಮುಖ ನೋಡದೆ, ಮೊದಲೇ ಯಾರಾದರೂ ಬಿಚ್ಚಿಟ್ಟಿದ್ದರೋ ಏನೋ ಎಂದು ಗಾಳಿಗೆ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಹೆಡ್‌ಕ್ಲಾರ್ಕರು ಜಾವಕದ ಖಾಲಿ ಸಾಲನ್ನು ನೋಡಿದರು, ನನ್ನನ್ನು ನೋಡಿದರು.

"ನಾನ ತಗದಿಟ್ಟಿದ್ದೆರಿ," ಎಂದರು.

ಅವರಿಗೆ ಮೆಮೊ ಕೊಡಬೇಕೆಂದಾಯಿತು. ಶಾಲೆಯಲ್ಲಿ ಟೈಪು ಬರುವವರು ಅವರೊಬ್ಬರೇ. ತಮ್ಮ ಮೆಮೊವನ್ನು ತಾವೇ ಟೈಪಿಸಿದರು, ಮುಖ್ಯಾಧ್ಯಾಪಕಿಯ ಎರಡು ವಾಕ್ಯಗಳನ್ನು ತಿದ್ದಿದರು, ಜಾವಕ ನಂಬರು ಹಾಕಿ ಕಳಿಸಿ, ಆವಕ ನಂಬರು ಹಾಕಿ ಸ್ವೀಕರಿಸಿ, ಸರ್ವಿಸ್ ಬುಕ್ಕಿನಲ್ಲಿ ಅಂಟಿಸಿದರು. ಮೂವತ್ತು ವರ್ಷದ ಆ ಪುಸ್ತಕದಲ್ಲಿ ಅದೊಂದೇ ಕಪ್ಪು ಚುಕ್ಕೆ.

ಇದು ಔದಾರ್ಯವೆಂದು ನಾನು ತಿಳಿದೆ. ಅವರಂಥವರ ಔದಾರ್ಯ ನನಗೆ ಬೇಡವಾಗಿತ್ತು. ಮರುದಿನ ದಸರೆ, ಆದರೂ ಆಫೀಸಿಗೆ ಹೋಗಿ ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಿದೆ. ಅವರು ತಲೆಯೆತ್ತದೆ ಕಾಗದಕ್ಕೆ ಗೆರೆ ಹಾಕುತ್ತಿದ್ದರು.

"ನಿಮ್ಮ ಸಲುವಾಗಿ ಅಲ್ರಿ ಬಾಯಾರ. ನಿಮಗ ಮೆಮೊ ಬಂತಂದ್ರ ನೀವು ಮನ್ಯಾಗ ಅಳ್ಕೋತ ಕೂಡ್ತೀರಿ. ಫಾರ್ಮಿಗೆ ಎಂಟ ದಿನ ಅದಾವ. ನನಗ ಕೆಲಸಾ ಮಾಡೋರ್ ಬೇಕು."

ಆಮೇಲೆ ರಜಿಸ್ಟರನ್ನು ನನ್ನ ಕಡೆ ತಳ್ಳಿದರು. ಜಾವಕದಲ್ಲಿ ಸಹಿ ಮಾಡಿ ಎಂದರು. ನಾನು ಮಾಡಲಿಲ್ಲ.

ಸಹಿ ಮಾಡಲಿಲ್ಲ, ಆದರೆ ಅವರ ಹಿಂದೆ ಹೋದೆ. ಎಂಟು ದಿನ ಹಿಂಜವಾಡಿಯ ಸೈಟುಗಳನ್ನು ಸುತ್ತಿದೆವು. ಕಂಪನಿಗಳ ಗಾಡಿಗಳು ಧೂಳೆಬ್ಬಿಸಿ ಹೋಗುವ ರಸ್ತೆಯ ಬದಿಗೆ, ಗಾಜಿನ ಕಟ್ಟಡಗಳ ಹಿಂದೆ, ತಗಡಿನ ಸಾಲುಗಳು. ನಾನು ಮೂಗಿಗೆ ಸೆರಗು ಹಿಡಿದು ನಡೆಯುತ್ತಿದ್ದೆ. ಇವರ ಹತ್ತಿರ ಹುಟ್ಟಿದ ತಾರೀಖು ಕೇಳುವುದೆಂದರೇನು ಎಂದು ನನಗೆ ನಗು ಬರುತ್ತಿತ್ತು. ಅವರು ತಾರೀಖು ಕೇಳಲೇ ಇಲ್ಲ. ಮೊದಲನೆಯ ಶೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅಕ್ಕಿ ಆರಿಸುತ್ತಿದ್ದ ಹೆಂಗಸನ್ನು ಮಾತಾಡಿಸಿದರು.

"ಇವನ್ನ ಹಡದಾಗ ಎಷ್ಟನೇ ಮಜಲಿ ನಡದಿತ್ತವ್ವಾ?"

ಆಕೆ ಯೋಚಿಸಲೂ ಇಲ್ಲ. "ನಾಕನೇದ್ದು ಸ್ಲ್ಯಾಬ್ ಹಾಕೂ ಹಿಂದಿನ ದಿನಾರೀ. ಕೋತ್ರೂಡದಾಗ. ಮರುದಿನ ಎಲ್ಲಾರಿಗೂ ಜಿಲೇಬಿ ಕೊಟ್ರು, ನಾ ಬಾಣಂತಿ ಅಂತ ನಂಗ ಎರಡ ಪಾಲು ಕೊಟ್ರು."

ಸ್ಲ್ಯಾಬ್ ಹಾಕಿದ ದಿನ ಕೂಲಿಯವರಿಗೆ ಸಿಹಿ ಹಂಚುವ ರೂಢಿ. ಆ ದಿನವನ್ನು ಕೂಲಿಯವರ ಮೇಲ್ವಿಚಾರಣೆಯ ಮುಕಾದಮನು ತನ್ನ ಡೈರಿಯಲ್ಲಿ ತಪ್ಪದೆ ಬರೆದಿರುತ್ತಾನೆ. ಪಿಂಪ್ರಿಯಲ್ಲಿ ಹೀಗೆ ಹಳೆಯ ಡೈರಿಗಳನ್ನೆಲ್ಲ ಟ್ರಂಕಿನಲ್ಲಿ ಇಟ್ಟುಕೊಂಡ ಇಬ್ಬರು ಮುದಿ ಮುಕಾದಮರಿದ್ದರು. ನಾವು ಶೆಡ್ಡಿನಿಂದ ಮಜಲಿ ತರುವುದು, ಡೈರಿಯಲ್ಲಿ ತಾರೀಖು ಹುಡುಕುವುದು. ಅದರಿಂದ ಹಿಂದಿನ ದಿನ, ಮೂರು ದಿನ ಮುಂದೆ ಎಂದು ಲೆಕ್ಕ ಹಾಕುವುದು ನನ್ನ ಪಾಲಿಗೆ ಬಂತು. ಗಣಿತದವಳಲ್ಲವೇ. ಮೂರು ವರ್ಷ ಈ ಮನುಷ್ಯ ಒಬ್ಬನೇ ಇದನ್ನು ಮಾಡಿದ್ದನೆಂದು ಆ ಎಂಟು ದಿನದಲ್ಲಿ ನನಗೆ ತಿಳಿಯಿತು. ಆಗ ನನಗೆ ನಾಚಿಕೆಯಾಯಿತು. ನನ್ನ ಜಾತಕ ಗಳಿಗೆ ಸಮೇತ ಅಮ್ಮನ ಕಪಾಟಿನಲ್ಲಿತ್ತು, ಅದನ್ನು ಒಮ್ಮೆಯೂ ಬಿಚ್ಚಿ ನೋಡಿದವಳಲ್ಲ. ನಾಚಿಕೆಯ ಜೊತೆಗೆ ಅವರ ಮೇಲಿನ ಸಿಟ್ಟೂ ಹೆಚ್ಚಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಇಪ್ಪತ್ತಾರು ಸಿಕ್ಕವು. ಐದು ಸಿಗಲಿಲ್ಲ. ನಾಲ್ಕು ಕುಟುಂಬಗಳು ಊರಿಗೆ ಹೋಗಿದ್ದವು, ವಿಳಾಸವಿರಲಿಲ್ಲ. ಐದನೆಯವಳು ನನ್ನ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಅವಳ ತಾಯಿ ಹೆಡ್‌ಕ್ಲಾರ್ಕರಿಗೆ ಮಜಲಿ ಹೇಳಿದ ಮೇಲೆ, ಹಿಂದಿನ ವರ್ಷ ಜ್ವರದಿಂದ ತೀರಿಕೊಂಡಿದ್ದಳು. ಅಪ್ಪನಿಗೆ ಮಳೆಗಾಲ ಎಂದಷ್ಟೇ ಗೊತ್ತು. ತಾಯಿ ಹೇಳಿದ್ದು ಆ ಡಬ್ಬಿಯಲ್ಲಿ ಮಾತ್ರ ಇತ್ತು. ಹೆಡ್‌ಕ್ಲಾರ್ಕರು ಶೆಡ್ಡಿನ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು. ಆಗಸ್ಟ್ ಹದಿನೇಳೋ ಹತ್ತೊಂಬತ್ತೋ ಎಂದರು. ಹದಿನೇಳು ಬರೆದುಬಿಡಿ, ಯಾರು ಕೇಳುತ್ತಾರೆ ಎಂದೆ ನಾನು.

"ಅಂದಾಜ ಬರಿಯಾಂಗಿಲ್ಲರಿ," ಎಂದರು. "ಅಂದಾಜಿಗೆ ಜೂನ್ ಒಂದ ಅದಲ್ಲ."

ಫಾರ್ಮು ಹಾಗೇ ಹೋಯಿತು.

ಅದಾದ ಮೇಲೆ ಅವರು ಬದಲಾದದ್ದು ಒಂದರಲ್ಲಿ ಮಾತ್ರ, ನಾನು ಅಷ್ಟೂ ಬದಲಾಗಲಿಲ್ಲ. ಪ್ರತಿಯೊಂದನ್ನೂ ಎರಡೆರಡು ಸಿ.ಡಿ.ಗೆ ಹಾಕಿ, ಅದೇ ಬಿಸ್ಕೀಟಿನ ಡಬ್ಬಿಯಲ್ಲಿ, ಅದೇ ನುಸಿಗುಳಿಗೆಯ ನಡುವೆ ಇಡತೊಡಗಿದರು. ಜಗ್ಗಬ್ಯಾಡ್ರಿ ಎನ್ನುವುದು ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ಖಂಡೇನವಮಿಯ ದಿನ ಆ ಹಳೆಯ ರಜಿಸ್ಟರು ತೆಗೆದು, ಆ ಪುಟ ತೆರೆದು, ಮೇಜಿನ ನನ್ನ ಕಡೆಯ ಅಂಚಿನಲ್ಲಿ ಇಡುತ್ತಿದ್ದರು. ನಾನು ಹೂವಿನ ಪರಡಿ ಹಿಡಿದು ಅದನ್ನು ದಾಟಿ ಹೋಗುತ್ತಿದ್ದೆ. ಮೂರು ವರ್ಷ ಹೀಗೆ ನಡೆಯಿತು, ಆಮೇಲೆ ಅವರು ನಿವೃತ್ತರಾದರು.

ನಿವೃತ್ತಿಯ ಮರುವರ್ಷ ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಶಾಲೆಯ ಹಾಲಿನಲ್ಲಿ ಸಂತಾಪ ಸಭೆ ಮಾಡಲಾಯಿತು. ಡ್ರಿಲ್ ಮಾಸ್ತರರು ಎದ್ದು ನಿಂತು, ಅವರು ಪೆನ್ ಡ್ರೈವನ್ನು ಹೇಗೆ ಜೋಪಾನವಾಗಿ ತೆಗೆಯುತ್ತಿದ್ದರೋ ಹಾಗೇ ದೇವರು ಅವರನ್ನು ಜೋಪಾನವಾಗಿ ತೆಗೆದುಕೊಂಡ ಎಂದರು. ಎಲ್ಲರೂ ತಲೆದೂಗಿದರು. ವಾರಕ್ಕೆ ಎರಡು ಸಲ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಡಯಾಲಿಸಿಸ್ಸಿಗೆ ಹೋಗಿ, ಕೊನೆಗೆ ಸೂಜಿ ಚುಚ್ಚಲು ಜಾಗವಿಲ್ಲದ ಕೈಯಿಟ್ಟುಕೊಂಡು ಹೋದ ಮನುಷ್ಯ. ಅವರನ್ನು ಯಾರೂ ಜೋಪಾನವಾಗಿ ತೆಗೆಯಲಿಲ್ಲ. ನಾನು ಎದ್ದು ಹೊರಗೆ ಬಂದೆ. ಅವರ ಬಗ್ಗೆ ತಿರಸ್ಕಾರ ಪಡುವ ಹಕ್ಕು ನನಗಿತ್ತು, ಇವರಿಗೆ ಇರಲಿಲ್ಲ.

ಕೆಲವು ತಿಂಗಳ ಮೇಲೆ ಆ ಮೊದಲ ಬೆಂಚಿನ ಹುಡುಗಿ ಶಾಲೆಗೆ ಬಂದಳು. ಹಿಂಜವಾಡಿಯ ಒಂದು ಆಫೀಸಿನ ಫ್ರಂಟ್ ಡೆಸ್ಕಿನಲ್ಲಿ ಕೆಲಸಕ್ಕಿದ್ದಳು. ಶಾಲೆಯ ಯಾವುದೋ ದಾಖಲೆ ಬೇಕಾಗಿತ್ತು. ನನ್ನ ಮೇಜಿನ ಮೇಲೆ ಅರ್ಜಿ ತುಂಬಿದಳು, ಜನ್ಮ ತಾರೀಖಿನ ಜಾಗದಲ್ಲಿ ಜೂನ್ ಒಂದು ಎಂದು ತಡವರಿಸದೆ ಬರೆದಳು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ನಕ್ಕಳು.

"ಆಫೀಸ್ನ್ಯಾಗ ಅವತ್ತ ಕೇಕ್ ಕತ್ತರಸ್ತಾರ್ರಿ. ಯಾರ್ದೋ ಕೇಕ್ ತಿಂದಂಗ ಆಗ್ತದ್ರಿ ಬಾಯಾರ."

ನಾನು ಏನೂ ಹೇಳಲಿಲ್ಲ. ಹೇಳಬಹುದಾಗಿತ್ತು, ಅವಳು ಎದುರಿಗೇ ಇದ್ದಳು. ಹೇಡಿತನವೆಂದರೆ ಇದೇ. ಅರ್ಜಿಗೆ ಸಹಿ ಮಾಡಿ ಕೊಟ್ಟೆ, ಅವಳು ಕಾಲಿಗೆ ನಮಸ್ಕಾರ ಮಾಡಿ ಹೋದಳು.

ಅವಳು ಗೇಟು ದಾಟಿದ ಮೇಲೆ ಆಫೀಸಿಗೆ ಹೋದೆ. ಹೊಸ ಕ್ಲಾರ್ಕು ಹಳೆಯ ರಜಿಸ್ಟರುಗಳನ್ನೆಲ್ಲ ರದ್ದಿಗೆ ತೆಗೆದು ವರಾಂಡದಲ್ಲಿ ಒಟ್ಟಿದ್ದ. ಹೊಸ ಕಂಪ್ಯೂಟರಿನಲ್ಲಿ ಹಸಿರು ಬಾಣ ಇರಲಿಲ್ಲ. ಅವನು ನನ್ನೆದುರಿಗೇ ಒಂದು ಪೆನ್ ಡ್ರೈವನ್ನು ಗಪ್ಪನೆ ಕಿತ್ತು ಜೇಬಿಗೆ ಹಾಕಿಕೊಂಡ. ಜಗ್ಗಬ್ಯಾಡ್ರಿ ಎಂಬುದು ನನ್ನ ಬಾಯಿಂದ ಬಂದುಬಿಟ್ಟಿತು. ಅವನು ಈ ಬಾಯಿಗೇನಾಯಿತು ಎಂಬಂತೆ ನೋಡಿದ.

ರಾಶಿಯಲ್ಲಿ ಆ ರಜಿಸ್ಟರು ಸಿಕ್ಕಿತು. ಪುಟ ಹುಡುಕಬೇಕಾಗಲಿಲ್ಲ, ಮತ್ತೆ ಮತ್ತೆ ತೆರೆದಿಟ್ಟದ್ದರಿಂದ ಅದು ಅಲ್ಲಿಗೇ ಬಿಚ್ಚಿಕೊಂಡಿತು. ಕರಿ ಡಬ್ಬಿ ಎಂಬ ಸಾಲಿನ ಮುಂದೆ ಜಾವಕದ ಮನೆಗಳು ಮೂರೂ ಖಾಲಿ. ಸಹಿ ಎಲ್ಲಿ ಮಾಡಬೇಕೆಂದು ತೋರಿಸಲು ಪೆನ್ಸಿಲ್ಲಿನ ಸಣ್ಣ ಗುಣಾಕಾರ ಚಿಹ್ನೆ ಮಾತ್ರ. ಷರಾದಲ್ಲಿ ಅವರ ದುಂಡನೆಯ ಅಕ್ಷರ: ಕೇಳದೆ ತೆಗೆದದ್ದು. ಕೆಳಗೆ ಐದು ಹೆಸರು. ಹುಡುಗಿಯ ಹೆಸರು ಕೊನೆಯದು.

ಅಂದಾಜು ಬರೆಯುವುದಿಲ್ಲ ಎನ್ನುತ್ತಿದ್ದ ಮನುಷ್ಯ ಇಲ್ಲಿ ಅಂದಾಜು ಬರೆದಿದ್ದರು. ಕೇಳಿದ್ದರೆ ತೆಗೆಯುತ್ತಿರಲಿಲ್ಲ, ಈ ಅಡಾಣಿಗೆ ಗೊತ್ತಾಗಲಿಲ್ಲ ಎಂದು ಅಷ್ಟು ವರ್ಷ ನನ್ನ ಬಗ್ಗೆ ತಿಳಿದುಕೊಂಡಿದ್ದರು. ನನ್ನ ವಿಷಯದಲ್ಲಿ ಅವರಿಗಿದ್ದ ಒಳ್ಳೆಯ ಅಭಿಪ್ರಾಯ ಇದೊಂದೇ, ಅದೂ ತಪ್ಪು.

ಕ್ಲಾರ್ಕನ ಪೆನ್ನು ಕೇಳಿ ತೆಗೆದುಕೊಂಡೆ. ಕೇಳದೆ ಎಂಬುದನ್ನು ಒಂದು ಗೆರೆಯಿಂದ ಹೊಡೆದು, ಮೇಲೆ ಕೇಳಿ ಎಂದು ಬರೆದು ಚಿಕ್ಕ ಸಹಿ ಹಾಕಿದೆ, ಆಫೀಸಿನ ಕಾಗದ ತಿದ್ದುವುದು ಹಾಗೆ ಎಂದು ಅವರೇ ಕಲಿಸಿದ್ದರು. ತೆಗೆದ ವೇಳೆ ಎಂಬಲ್ಲಿ ಹನ್ನೊಂದು ಗಂಟೆ ಹತ್ತು ನಿಮಿಷ. ಗುಣಾಕಾರ ಚಿಹ್ನೆಯ ಮೇಲೆ ನನ್ನ ಪೂರ್ಣ ಸಹಿ. ಬಂದ ಉತ್ತರ ಎಂಬ ಮನೆಯೊಂದು ಉಳಿದಿತ್ತು. ಅದರಲ್ಲಿ, ಈಗ ತೆಗೆಯಬೇಡಿ ಎಂದಿತ್ತು, ಎಂದು ಬರೆದೆ.